ಲಾರ್ಡ್ ಕಾರ್ನ್‌ವಾಲಿಸರಿಗೆ ಮಾಗಡಿ ಸೀಮೆಯ ಬಿನ್ನವತ್ತಳೆ

ಗಂಗಾತೀರದ ಘಾಜಿಪುರದಲ್ಲಿ 1805ನೆಯ ಇಸವಿಯಿಂದ ವಿಶ್ರಾಂತಿ ಪಡೆಯುತ್ತಿರುವ ಮಾರ್ಕ್ವಿಸ್ ಕಾರ್ನ್‌ವಾಲಿಸ್ ಸಾಹೇಬ್ ಬಹಾದ್ದೂರರ ಸನ್ನಿಧಾನಕ್ಕೆ ಮಾಗಡಿ ಸೀಮೆಯ ನಿವಾಸಿಯೊಬ್ಬನು ಮಾಡಿಕೊಳ್ಳುವ ವಿಜ್ಞಾಪನೆ.

ಉಭಯ ಕುಶಲೋಪರಿ ಸಾಂಪ್ರತ. ಇಲ್ಲಿ ಮಳೆಬೆಳೆ ಸಾಧಾರಣ. ರೇಷ್ಮೆಗೂಡಿನ ಧಾರಣೆ ಎಂದಿನಂತೆ ಏರಿಳಿಯುತ್ತಿದೆ. ಸಾವನದುರ್ಗದ ಬಂಡೆ ತಾವು ಬಿಟ್ಟುಹೋದಲ್ಲಿಯೇ ಇದೆ. ಸಮುದ್ರಮಟ್ಟದಿಂದ 1,226 ಮೀಟರು ಎತ್ತರಕ್ಕೆ ತಲೆಯೆತ್ತಿ ನಿಂತಿರುವ ಆ ಏಕಶಿಲೆಯನ್ನು ತಮ್ಮಿಂದಲೂ ಏನೂ ಮಾಡಲಾಗಲಿಲ್ಲ, ನಮ್ಮಿಂದಲೂ ಆಗಲಿಲ್ಲ. ಆದುದರಿಂದ ಈ ಪತ್ರ ಬಂಡೆಯನ್ನು ಕುರಿತದ್ದಲ್ಲ, ಅದರ ಮೈಮೇಲಿನ ಕೋಟೆಯನ್ನು ಕುರಿತದ್ದು. ಆ ವಿಷಯದಲ್ಲಿ ತಾವು ಅರ್ಧಕ್ಕೆ ನಿಲ್ಲಿಸಿದ ಕಾರ್ಯವನ್ನು ನಾವು ಕೈಗೆತ್ತಿಕೊಂಡು ಬಹುದೂರ ಮುಂದುವರಿಸಿದ್ದೇವೆಂಬ ಶುಭವಾರ್ತೆಯನ್ನು ತಿಳಿಸುವ ಸಲುವಾಗಿ ಬರೆದದ್ದು.

ತಮ್ಮ ಸಾಹಸವನ್ನು ನಾವು ಮರೆತಿಲ್ಲ. ಶ್ರೀರಂಗಪಟ್ಟಣದ ಮೇಲೆ ಎರಡನೆಯ ಸಲ ದಂಡೆತ್ತಿ ಹೋಗುವ ಮುನ್ನ ಬೆನ್ನ ಹಿಂದೆ ಶತ್ರುವಿನ ದುರ್ಗವನ್ನು ಬಿಟ್ಟು ನಡೆಯುವುದು ಕ್ಷೇಮವಲ್ಲವೆಂದು ಬಗೆದು, 1791ನೆಯ ಡಿಸೆಂಬರಿನಲ್ಲಿ ಕರ್ನಲ್ ಸ್ಟೂಅರ್ಟನನ್ನು ಮುಂದುಮಾಡಿ, ಬಿದಿರುಮೆಳೆಗಳ ನಡುವೆ ದಾರಿ ಕಡಿಸಿ, ಭಾರೀ ತೋಪುಗಳನ್ನು ಬೆಟ್ಟದ ಬುಡಕ್ಕೆ ಎಳೆಯಿಸಿ ತಂದಿರಿ. ಆ ಕಾಡಿನ ಜ್ವರದಿಂದ ತಮ್ಮ ಸೈನ್ಯದ ಅರ್ಧವೂ ಕೋಟೆಯ ಕಾವಲಿನವರ ಕೈಯಿಂದ ಉಳಿದರ್ಧವೂ ಸಾಯುವುದೆಂದು ಟಿಪ್ಪೂ ಸುಲ್ತಾನನು ಲೆಕ್ಕ ಹಾಕಿದ್ದನೆಂದು ತಮ್ಮ ಕಡೆಯವರೇ ಬರೆದಿಟ್ಟಿದ್ದಾರೆ. ಹತ್ತು ವರ್ಷಗಳ ಹಿಂದೆ ಅಮೆರಿಕೆಯ ಯಾರ್ಕ್‌ಟೌನಿನಲ್ಲಿ ಶರಣಾಗತರಾಗಬೇಕಾದ ದಿನ ಮೈಯಲ್ಲಿ ಸ್ವಸ್ಥವಿಲ್ಲವೆಂದು ಬಿಡಾರದಲ್ಲಿಯೇ ಉಳಿದು, ಕತ್ತಿಯನ್ನು ಇನ್ನೊಬ್ಬರ ಕೈಯಲ್ಲಿ ಕಳುಹಿಸಿಕೊಟ್ಟಿದ್ದ ತಮಗೆ ಮಾಗಡಿಯ ಹವೆ ಮಾತ್ರ ಚೆನ್ನಾಗಿ ಒಗ್ಗಿತೆಂದು ತೋರುತ್ತದೆ. 17ನೆಯ ತಾರೀಖು ತೋಪು ಹಾರಿತು. ಮೂರು ದಿನಗಳಲ್ಲಿ ಗೋಡೆ ಬಿರಿಯಿತು. 21ನೆಯ ತಾರೀಖು, 52ನೆಯ ರೆಜಿಮೆಂಟಿನ ವಾದ್ಯಗಾರರು ಬ್ಯಾಂಡು ಬಾರಿಸುತ್ತಿರಲು, ತಮ್ಮವರು ಏರಿಹೋಗಿ ಒಂದು ಗಂಟೆಯೊಳಗೆ ದುರ್ಗವನ್ನು ಹಿಡಿದರು. ಒಳಗಿದ್ದವರಲ್ಲಿ ನೂರಕ್ಕೆ ಮಿಕ್ಕಿ ಸತ್ತರು, ಪ್ರಪಾತಕ್ಕೆ ಬಿದ್ದವರು ಬೇರೆ. ತಮ್ಮ ಕಡೆ ಗಾಯಗೊಂಡವನು ಒಬ್ಬನೇ ಸೋಲ್ಜರನಂತೆ. ದಂಡಿನ ಜೊತೆಯಲ್ಲಿಯೇ ಬಂದಿದ್ದ ರಾಬರ್ಟ್ ಹೋಮ್ ಎಂಬ ಚಿತ್ರಕಾರನು ಬೆಟ್ಟವನ್ನು ಬರೆದುಕೊಂಡು ಹೋಗಿ 1794ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದನು. ಕೋಟೆಯನ್ನು ನೋಡುವುದಕ್ಕಿಂತ ಕೋಟೆಯ ಮುಂದೆ ನಿಂತದ್ದನ್ನು ಇತರರಿಗೆ ತೋರಿಸುವುದೇ ಯಾತ್ರೆಯ ಪರಮಪ್ರಯೋಜನವೆಂಬ ಸಂಪ್ರದಾಯಕ್ಕೆ ನಮ್ಮ ಸೀಮೆಯಲ್ಲಿ ಆತನೇ ಮೂಲಪುರುಷ.

ಆದರೆ ಪ್ರಭುಗಳೇ, ಇಷ್ಟು ಮದ್ದುಗುಂಡು, ಇಷ್ಟು ಎತ್ತು, ಇಷ್ಟು ಬ್ಯಾಂಡು ವೆಚ್ಚಮಾಡಿ ತಾವು ಕೆಡವಿದ್ದಾದರೂ ಎಷ್ಟು? ಕೆಲವು ಗಜಗಳ ಗೋಡೆ! ಕುಂಪಣಿಯ ಲೆಕ್ಕಪತ್ರಗಳಲ್ಲಿ ಇದನ್ನು ಯಾರೂ ಆಕ್ಷೇಪಿಸದಿದ್ದುದು ಸೋಜಿಗ. ಆ ಕಾರ್ಯವನ್ನೇ ನಾವು ಇಂದು ಖಜಾನೆಯಿಂದ ಒಂದು ಕಾಸೂ ತೆಗೆಯದೆ, ಭಾನುವಾರಗಳಂದು, ಉಲ್ಲಾಸದಿಂದ ನಡೆಸಿಕೊಂಡು ಬರುತ್ತಿದ್ದೇವೆ.

ಕಳೆದ ಮಾಗಿಯಲ್ಲಿ ನಾನು ಸಾವನದುರ್ಗದ ಕರಿಗುಡ್ಡವನ್ನು ಏರಿದೆನು. ಬುಡದಲ್ಲಿ ವೀರಭದ್ರನಿಗೂ ಲಕ್ಷ್ಮೀನರಸಿಂಹನಿಗೂ ಕೈಮುಗಿದು, ಬೋಳುಬಂಡೆಯ ಮೇಲೆ ಅಂಗೈಯನ್ನೂ ಊರಿಕೊಂಡು ಮೇಲೆ ಹೋದವನಿಗೆ ಮೊದಲು ಎದುರಾಗುವುದು ಗೋಡೆ. ದಪ್ಪಗಲ್ಲುಗಳನ್ನು ಒಂದರ ಮೈಗೆ ಒಂದು ಹೊಂದುವಂತೆ ಕಡಿದು ಕೂಡಿಸಿದ್ದಾರೆ. ಅಲ್ಲಲ್ಲಿ ಅವುಗಳ ಮೇಲೆ ಇಟ್ಟಿಗೆ ಗಾರೆಯ ಕಟ್ಟಡದ ಅವಶೇಷ, ಅದರಲ್ಲಿ ಬಂದೂಕಿನ ಕಿಂಡಿಗಳು. ಅಂತಹ ಕಿಂಡಿಯೊಂದರಲ್ಲಿ ಯಾರೋ ಪುಣ್ಯಾತ್ಮರು ಖಾಲಿ ನೀರಿನ ಬಾಟಲಿಯನ್ನು ಬಾಯಿ ಹೊರಗಾಗುವಂತೆ ಸಿಕ್ಕಿಸಿದ್ದರು. ಕೆಳಗಿನಿಂದ ನೋಡಿದವನಿಗೆ ದುರ್ಗವು ಇನ್ನೂ ಸಶಸ್ತ್ರವಾಗಿದೆಯೆಂಬ ಭ್ರಾಂತಿ ಹುಟ್ಟುವಂತಿತ್ತು. ಮುತ್ತಿಗೆಯ ಕಾಲದಲ್ಲಿ ಕಾವಲಿನವರ ಪ್ರಾಣ ಉಳಿಸಿರಬಹುದಾದ ದೊಣೆಯ ನೀರಿನಲ್ಲಿ ಚಿಪ್ಸಿನ ಬೆಳ್ಳಿಬಣ್ಣದ ಪೊಟ್ಟಣಗಳು ಮೀನಿನಂತೆ ಮಿರುಗುತ್ತಿದ್ದುವು. 52ನೆಯ ರೆಜಿಮೆಂಟಿನ ಬ್ಯಾಂಡಿಗೆ ಬದಲಾಗಿ ಹೆಗಲಿಗೆ ನೇತುಹಾಕಿಕೊಂಡ ಸ್ಪೀಕರೊಂದು ಗರ್ಜಿಸುತ್ತಿತ್ತು. ಆ ವಾದ್ಯಗಾರರು ಒಂದು ಗಂಟೆಯಲ್ಲಿ ಸುಮ್ಮನಾದರು, ಇದು ಸಂಜೆಯಾದರೂ ಸುಮ್ಮನಾಗಲಿಲ್ಲ.

ಬುರುಜಿನ ಒಳಮೈಯಲ್ಲಿ ತರುಣನೊಬ್ಬನು ಬೈಕಿನ ಕೀಲಿಯಿಂದ ಕಲ್ಲನ್ನು ಕೊರೆಯುತ್ತಿದ್ದನು. ಕೆಂಪು ಆಯಿಲ್ ಪೇಂಟಿನಲ್ಲಿ ಹೃದಯವನ್ನೂ ಅದನ್ನು ಭೇದಿಸುವ ಬಾಣವನ್ನೂ ಮೊದಲೇ ಬರೆದು ಮುಗಿಸಿಯಾಗಿತ್ತು. ಈಗ ಅಕ್ಷರಗಳ ಸರದಿ. ಕೆಮ್ಮಿದೆನು. ಆತನು ತಿರುಗಿ, ಕಿಂಚಿತ್ತೂ ಅಳುಕದೆ, "ಒಂದ್ನಿಮಿಷ ಅಂಕಲ್, ಮುಗೀತು, ಜಾಗ ಬಿಡ್ತೀನಿ" ಎಂದನು. ನಾನೂ ಬರೆಯುವುದಕ್ಕೇ ಬಂದು ಪಾಳಿ ಕಾಯುತ್ತಿರುವೆನೆಂದು ಬಗೆದ ಆ ಸೌಜನ್ಯಕ್ಕೆ ಏನು ಹೇಳಲಿ? ಶಾಸನ ಬರೆಯಿಸುವ ಅರಸರು ಇಳಿಸಿದ ಭಾರವನ್ನು ಪ್ರಜೆಗಳೇ ಹೊತ್ತಿದ್ದಾರೆ. ಹೊಯ್ಸಳರ ಮುಮ್ಮಡಿ ಬಲ್ಲಾಳನ ಕಾಲದ 1340ರ ಶಾಸನದಲ್ಲಿ ಸಾವಂದಿಯೆಂದು ಈ ಬೆಟ್ಟದ ಹೆಸರು ಬರುತ್ತದೆ. ಮುಂದಿನ ಸಂಶೋಧಕನಿಗೆ ಬೆಟ್ಟದ ಹೆಸರೊಂದನ್ನು ಬಿಟ್ಟು ಉಳಿದೆಲ್ಲ ಹೆಸರುಗಳೂ ಇಲ್ಲಿ ದೊರೆಯುವುವು.

ಆ ಹುಡುಗನನ್ನು ನಾನು ಗದರಲಿಲ್ಲ. ಹೆಸರು ಬರೆಯುವ ವಿದ್ಯೆಯನ್ನು ಆತನು ದೊಡ್ಡವರಿಂದಲೇ ಕಲಿತದ್ದು. 1638ರಲ್ಲಿ ಬಿಜಾಪುರದವರಿಗೆ ಬೆಂಗಳೂರನ್ನು ಒಪ್ಪಿಸಿ ಮಾಗಡಿಗೆ ಬಂದ ಇಮ್ಮಡಿ ಕೆಂಪೇಗೌಡನ ವಂಶದವರು 1728ರಲ್ಲಿ ಮೈಸೂರಿನ ದಳವಾಯಿ ದೇವರಾಜನು ಹಿಡಿಯುವವರೆಗೆ ಈ ದುರ್ಗವನ್ನು ಆಶ್ರಯಿಸಿಕೊಂಡಿದ್ದರಷ್ಟೆ. ಆ ವಂಶದ ಕೀರ್ತಿಗೆ ನಾವು ಕೊರತೆ ಮಾಡಿಲ್ಲ: ಬಸ್ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರು, ಮೆಟ್ರೋ ನಿಲ್ದಾಣಕ್ಕೆ ಅವರ ಹೆಸರು, ವಿಮಾನನಿಲ್ದಾಣಕ್ಕೆ ಅವರ ಹೆಸರು, ವಿಮಾನನಿಲ್ದಾಣದಲ್ಲಿ 2022ರಲ್ಲಿ 108 ಅಡಿಯ ಕಂಚಿನ ಪ್ರತಿಮೆ. ಆ ಪ್ರತಿಮೆಗಾಗಿ ರಥಗಳು ನಾಡನ್ನು ಸುತ್ತಿ ಊರೂರಿನ ಪವಿತ್ರ ಮೃತ್ತಿಕೆಯನ್ನು ಸಂಗ್ರಹಿಸಿದುವು. ಮಣ್ಣು ಒಯ್ಯುವ ರಥಗಳು ಬಂದ ಮಾರ್ಗದಲ್ಲಿಯೇ ಗಾರೆ ತರುವ ಗಾಡಿಯೊಂದು ಬಂದಿದ್ದರೆ ಎಂದು ಅಂದುಕೊಳ್ಳುವುದು ನನ್ನಂತಹ ಅಲ್ಪಮತಿಗಳ ಚಪಲ.

ಹೆಸರಿನ ಮಾತು ಬಂದದ್ದರಿಂದ ಇನ್ನೊಂದು ಸಮಾಚಾರ. ಟಿಪ್ಪುವಿನ ಕಾಲಕ್ಕೆ ಷಂಸೇರಾಬಾದ್ ಆಗಿದ್ದ ಊರು ತಮ್ಮವರಾದ ರೆಸಿಡೆಂಟ್ ಬ್ಯಾರಿ ಕ್ಲೋಸರ ಸ್ಮರಣಾರ್ಥ ಕ್ಲೋಸ್‌ಪೇಟೆಯಾಗಿ, ಅನಂತರ ರಾಮನಗರವಾಗಿ, 2007ರಲ್ಲಿ ಜಿಲ್ಲೆಯಾಗಿ, 2025ರಲ್ಲಿ ಆ ಜಿಲ್ಲೆಯು ಬೆಂಗಳೂರು ದಕ್ಷಿಣವೆಂದು ನಾಮಾಂತರ ಹೊಂದಿತು. ಬೆಂಗಳೂರನ್ನು ಬಿಟ್ಟು ಕೆಂಪೇಗೌಡನು ಮಾಗಡಿಗೆ ಬಂದನು. ಈಗ ಬೆಂಗಳೂರೇ ಆತನನ್ನು ಹಿಂಬಾಲಿಸಿ ಬಂದಿದೆ.

ತಮ್ಮ ದಂಡು ಕಂಡ ನೆರೆಹೊರೆಯ ವಿಷಯವನ್ನು ಚುಟುಕಾಗಿ ಹೇಳುವೆನು. ಸಾವನದುರ್ಗ ಬಿದ್ದ ಬೆನ್ನಿಗೇ ತಮಗೆ ಶರಣಾದ ರಾಮಗಿರಿ ಈಗಲೂ ಪ್ರಸಿದ್ಧ, ಆದರೆ ತಮ್ಮಿಂದಲ್ಲ. ಅಲ್ಲಿ 'ಶೋಲೆ' ಚಲನಚಿತ್ರದ ಗಬ್ಬರನು ಯಾವ ಬಂಡೆಯ ಮೇಲೆ ಕುಳಿತಿದ್ದನೆಂದು ಕೇಳಿದರೆ ಕೂಸುಕುನ್ನಿಯೂ ಕೈತೋರಿಸುತ್ತದೆ. ತಮ್ಮ ಕ್ಯಾಪ್ಟನ್ ವೆಲ್ಷನು ಎಲ್ಲಿ ಡೇರೆ ಹಾಕಿದ್ದನೆಂದು ಕೇಳಿದರೆ, ಅವರು ಯಾವ ಪಿಕ್ಚರಿನಲ್ಲಿದ್ದರು ಎನ್ನುತ್ತಾರೆ. ಚನ್ನಪಟ್ಟಣದಲ್ಲಿ ಜಗದೇವರಾಯನ ಕೋಟೆಗಿಂತ ಹಾಲೆಮರದ ಗೊಂಬೆಗಳು ಗಟ್ಟಿಮುಟ್ಟಾಗಿ ಉಳಿದಿವೆ. ಅರಗಿನ ಬಣ್ಣ ಬಳಿಯುವ ಕೈ ಕೋಟೆಯ ಕಡೆ ತಿರುಗದಿದ್ದುದೇ ಪುಣ್ಯ. ಕನಕಪುರದಾಚೆ, 1734ರಲ್ಲಿ ಮೈಸೂರಿನ ಚಾಮರಾಜ ಒಡೆಯರನ್ನೇ ಸೆರೆಯಿಟ್ಟು ಸಾಯಗೊಟ್ಟ ಕಬ್ಬಾಳದುರ್ಗಕ್ಕೆ ಇಂದು ಭಕ್ತಾದಿಗಳು ಕಬ್ಬಾಳಮ್ಮನ ಹರಕೆ ಹೊತ್ತು ಬರುತ್ತಾರೆ. ಅಲ್ಲಿ ಅಮ್ಮನ ಭಯವಿರುವುದರಿಂದ ಜನ ಕೊಂಚ ಹದ್ದಿನಲ್ಲಿರುತ್ತಾರೆ.

ಹಾಗಾದರೆ ಕೋಟೆಗೆ ದಿಕ್ಕು ಯಾರು? ತಮ್ಮ ದೇಶದ ಕಡಲತಡಿಯಲ್ಲಿ ಟಿಂಟಾಜೆಲ್ಲಿನಂತಹ ಮುರುಕು ಕೋಟೆಗಳಿಗೆ ಹಣ ಕೊಟ್ಟು ಒಳಗೆ ಹೋಗುತ್ತಾರಂತೆ. ನಮ್ಮವನಾದ ಕೆಳದಿ ಶಿವಪ್ಪನಾಯಕನು ಕಾಸರಗೋಡಿನ ಬಳಿ ಕಟ್ಟಿಸಿದ ಬೇಕಲದ ಕೋಟೆಯಲ್ಲಿಯೂ ಅಲೆಯ ಸದ್ದಿನ ಜೊತೆಗೆ ಕಾವಲುಗಾರನ ಸೀಟಿ ಕೇಳಿಸುತ್ತದೆ. ಇಲ್ಲಿಯೂ ಬೆಟ್ಟ ಹತ್ತುವವನಿಂದ ಶುಲ್ಕ ತೆಗೆದುಕೊಳ್ಳುತ್ತಾರೆ. ಆದರೆ ಬುರುಜಿನ ಸಂದಿನಲ್ಲಿ ಬೇರುಬಿಟ್ಟು ಕಲ್ಲುಗಳನ್ನು ಮೆಲ್ಲನೆ ಬೇರ್ಪಡಿಸುತ್ತಿರುವ ಅರಳಿಯ ಗಿಡವನ್ನು ಕೀಳಿಸಿರೆಂದು ಒಂದು ಕಛೇರಿಯಲ್ಲಿ ಬಿನ್ನವಿಸಿದರೆ, ಗಿಡ ಮಾತ್ರ ನಮ್ಮದು, ಗೋಡೆ ನಮ್ಮದಲ್ಲ ಎಂದರು. ಇನ್ನೊಂದರಲ್ಲಿ, ಗೋಡೆ ನಮ್ಮದೇ ಇದ್ದೀತು, ಆದರೆ ಗಿಡವನ್ನು ಮುಟ್ಟಲು ನಮಗೆ ಅಧಿಕಾರವಿಲ್ಲ ಎಂದರು. ಇಬ್ಬರೂ ಕುರ್ಚಿ ಕೊಟ್ಟು ಕೂಡಿಸಿ ಕಾಫಿ ತರಿಸಿಕೊಟ್ಟರೆಂಬುದನ್ನು ಕೃತಜ್ಞತೆಯಿಂದ ದಾಖಲಿಸುತ್ತೇನೆ. ಅರಳಿಯು ಯಾರ ಅಪ್ಪಣೆಯನ್ನೂ ಕಾಯದೆ ಈ ವರ್ಷ ಒಂದು ಮೊಳ ಬೆಳೆದಿದೆ.

ಆದುದರಿಂದಲೇ ತಮ್ಮ ಸನ್ನಿಧಾನಕ್ಕೆ ಮೊರೆಯಿಡಬೇಕಾಯಿತು. ಘಾಜಿಪುರದ ತಮ್ಮ ಗೋರಿಯು ಭಾರತ ಸರ್ಕಾರದ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ಸುತ್ತಲೂ ತೋಟ, ಕಬ್ಬಿಣದ ಬೇಲಿ. ಕೋಟೆಯನ್ನು ಮುರಿದವರಿಗೆ ಮಾಲಿಯನ್ನು ಒದಗಿಸಿರುವ ನಮ್ಮ ಔದಾರ್ಯವನ್ನು ತಾವೂ ಮೆಚ್ಚಿರಲು ಸಾಕು. ಆ ಮಾಲಿಗಳಲ್ಲಿ ಗಿಡದ ಬೇರನ್ನು ಕಲ್ಲಿಗೆ ನೋವಾಗದಂತೆ ಕೀಳಬಲ್ಲವನೊಬ್ಬನನ್ನು ಒಂದು ವಾರದ ಮಟ್ಟಿಗೆ ಮಾಗಡಿಗೆ ಎರವಲಾಗಿ ಕಳುಹಿಸಿಕೊಡಬೇಕೆಂದು ಪ್ರಾರ್ಥನೆ. ಶ್ರಾವಣದ ಮಳೆಗೆ ಬೇರು ಇನ್ನಷ್ಟು ಇಳಿಯುವುದರಿಂದ ಅದಕ್ಕೆ ಮೊದಲೇ ಬಂದರೆ ಲೇಸು. ಹಾರೆ, ಮಚ್ಚು, ಹಗ್ಗ ಇಲ್ಲಿ ಸಿಕ್ಕುತ್ತವೆ. ಎರಡು ಹೊತ್ತು ರಾಗಿಮುದ್ದೆ, ಬಸ್ಸಾರು ನಮ್ಮ ಮನೆಯಲ್ಲಿಯೇ ಆಗುತ್ತದೆ. ಗಿಡ ಯಾರದು, ಗೋಡೆ ಯಾರದು ಎಂದು ದಾರಿಯಲ್ಲಿ ಯಾರಾದರೂ ಆತನನ್ನು ತಡೆದು ಕೇಳಿದರೆ, ಲಾಟ್ ಸಾಹೇಬರ ಕಡೆಯವನು ಎಂದುಬಿಡಲಿ. ಆ ಮಾತಿಗೆ ನಮ್ಮ ಕಛೇರಿಗಳಲ್ಲಿ ಈಗಲೂ ಎದ್ದು ನಿಲ್ಲುತ್ತಾರೆ.

ಇತಿ ವಿಜ್ಞಾಪನೆಗಳು,
ಮಾಗಡಿ ಸೀಮೆಯ ವಿಧೇಯ ಅರ್ಜಿದಾರ