ಕೂತ್ಕೊಂಡು ಮಾಡೋ ಕೆಲಸ ಕನವ್ವ

ನಮ್ಮ ಮಂಡ್ಯ ಸೀಮೆಯಲ್ಲಿ ಯಾರಿಗಾದರೂ ಹೊಸದಾಗಿ ಕೆಲಸ ಸಿಕ್ಕಿತು ಅಂದರೆ ಮೊದಲು ಸಂಬಳ ಕೇಳುತ್ತಾರೆ, ಆಮೇಲೆ ಪರ್ಮನೆಂಟಾ ಅಂತ ಕೇಳುತ್ತಾರೆ, ಕೊನೆಗೆ ದನಿ ತಗ್ಗಿಸಿ ಗಿಂಬಳದ ವಿಚಾರಕ್ಕೆ ಬರುತ್ತಾರೆ. ನಾನು ಗ್ರಂಥಾಲಯದ ಮೇಲ್ವಿಚಾರಕಿ ಅಂದ ಮೇಲೆ ಮೂರನೆಯದನ್ನು ಯಾರೂ ಕೇಳಲಿಲ್ಲ. ಗ್ರಂಥಾಲಯದಲ್ಲಿ ಮೇಲ್ಸಂಪಾದನೆ ಮಾಡುವುದು ಗೆದ್ದಲು ಒಂದೇ ಅಂತ ಎಲ್ಲರಿಗೂ ಗೊತ್ತು. ನಮ್ಮ ಚಿಕ್ಕತ್ತೆಯಂತೂ, "ಬುಡವ್ವ, ಕೂತ್ಕೊಂಡು ಮಾಡೋ ಕೆಲಸ ಕನ. ಫ್ಯಾನ್ ಕೆಳಗೆ ಕತೆ ಪುಸ್ತಕ ಓದ್ಕಂಡು ಇದ್ದುಬುಟ್ರೆ ಸಂಜೆ ಆಯ್ತದೆ" ಅಂತ ಆಶೀರ್ವಾದ ಮಾಡಿದರು.

ಆ ಆಶೀರ್ವಾದದಲ್ಲಿ ಫ್ಯಾನ್ ಒಂದು ನಿಜ. ಅದೂ ಕರೆಂಟ್ ಇದ್ದಾಗ.

ನಮ್ಮದು ಮದ್ದೂರು–ಮಳವಳ್ಳಿ ರಸ್ತೆಯ ಆಸುಪಾಸಿನ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆ ನೀವೂ ಬಂದುಬಿಡುತ್ತೀರಿ, ಕುರ್ಚಿ ಸಾಲುವುದಿಲ್ಲ. 1965ರ ಕಾಯ್ದೆಯ ಕಾಲದಿಂದ ಗ್ರಂಥಾಲಯ ಅಂದರೆ ಸಾರ್ವಜನಿಕ ಗ್ರಂಥಾಲಯ ಇಲಾಖೆ ಅಂತಿತ್ತು. 2019ರಲ್ಲಿ ಹಳ್ಳಿಯ ಗ್ರಂಥಾಲಯಗಳೆಲ್ಲ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. ಬೋರ್ಡಿನ ಮೇಲೆ ಈಗ 'ಅರಿವು ಕೇಂದ್ರ' ಅಂತಿದೆ. ಊರವರ ಬಾಯಲ್ಲಿ ಮಾತ್ರ ಅದು ಅವತ್ತಿಗೂ ಇವತ್ತಿಗೂ 'ಪೇಪರ್ ರೂಮು'. ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಆರರಂತೆ ಗ್ರಂಥಾಲಯ ಕರ ಇದೆಯಲ್ಲ, ಅದನ್ನು ಕಟ್ಟಿದ ಯಜಮಾನರೊಬ್ಬರು "ನಮ್ ದುಡ್ಡೇ ಅಲ್ವಾ" ಅಂತ ಭಾನುವಾರದ ಪುರವಣಿಯನ್ನು ಮಡಿಸಿ ಪಂಚೆಗೆ ಸಿಕ್ಕಿಸಿಕೊಂಡು ಹೋಗುತ್ತಾರೆ. ಕಾನೂನು ಅವರ ಕಡೆಗಿದೆಯೋ ನನ್ನ ಕಡೆಗಿದೆಯೋ ಅಂತ ನೋಡಬೇಕು. ಪುರವಣಿಯಂತೂ ಅವರ ಕಡೆಗೇ ಇದೆ.

ಬೆಳಗ್ಗೆ ನಾನು ಬೀಗ ತೆಗೆಯುವಷ್ಟರಲ್ಲಿ ಜಗಲಿ ಮೇಲೆ ಹಿರಿಯರ ಸಭೆ ನೆರೆದಿರುತ್ತದೆ. ಇವರು ಮುಖಪುಟ ಓದುವವರಲ್ಲ. ಡೆಲ್ಲಿಯಲ್ಲಿ ಸರ್ಕಾರ ಬಿದ್ದರೂ ಕಾಯಲಿ, ಮೊದಲು ಕೆಆರ್‌ಎಸ್ ಮಟ್ಟ ನೋಡಬೇಕು. ಗರಿಷ್ಠ 124.80 ಅಡಿ, ಇವತ್ತು ಎಷ್ಟು, ಒಳಹರಿವೆಷ್ಟು, ಹೊರಹರಿವೆಷ್ಟು. ಆ ಸಣ್ಣ ಚೌಕದ ಮೇಲೆ ಎಲ್ಲರೂ ಬೆರಳಿಟ್ಟೂ ಇಟ್ಟೂ ಮಧ್ಯಾಹ್ನದ ಹೊತ್ತಿಗೆ ಅಂಕಿಗಳು ಮಸಿಯಾಗಿಬಿಡುತ್ತವೆ. ಸಂಜೆ ಬರುವವರು ನನ್ನನ್ನು ಕೇಳುತ್ತಾರೆ, ನಾನೇನೋ ರಾತ್ರಿ ಅಣೆಕಟ್ಟೆಯ ಮೇಲೆ ಮಲಗಿದ್ದು ಬಂದವಳು ಅನ್ನುವಂತೆ. ಅದಕ್ಕೆ ಈಗ ಪೇಪರ್ ಬಂದ ತಕ್ಷಣ ಮಟ್ಟವನ್ನು ಸ್ಲೇಟಿನ ಮೇಲೆ ಬರೆದು ಬಾಗಿಲಿಗೆ ನೇತುಹಾಕುತ್ತೇನೆ. 2018ರ ಸುಪ್ರೀಂ ಕೋರ್ಟಿನ ಕಾವೇರಿ ತೀರ್ಪಿನಲ್ಲಿ ಕರ್ನಾಟಕಕ್ಕೆ ಬಂದದ್ದು 284.75 ಟಿಎಂಸಿ ಅನ್ನುವುದನ್ನು ಇಲ್ಲಿ ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವರೂ ದಶಾಂಶದ ಸಮೇತ ಹೇಳುತ್ತಾರೆ. ಸದಸ್ಯತ್ವದ ಫಾರ್ಮು ಕೊಟ್ಟರೆ ಮಾತ್ರ ಸ್ವಂತ ಫೋನ್ ನಂಬರ್ ನೆನಪಿಗೆ ಬರುವುದಿಲ್ಲ. "ಮಗುನ್ ಕೇಳ್ಕಬೇಕು ಕನವ್ವ."

ಇನ್ನು ಪುಸ್ತಕ ಜೋಡಿಸುವ ಕೆಲಸ. ಅಮೆರಿಕದ ಮೆಲ್ವಿಲ್ ಡ್ಯೂಯಿ ಅನ್ನುವವನು 1876ರಲ್ಲಿ ಜಗತ್ತಿನ ಜ್ಞಾನವನ್ನೆಲ್ಲ ಹತ್ತು ಪಾಲು ಮಾಡಿ ನಂಬರ್ ಕೊಟ್ಟ. ಪಾಪ, ಆತ ಮಂಡ್ಯ ನೋಡಿದವನಲ್ಲ. ಅವನ ಲೆಕ್ಕದಲ್ಲಿ ಕಬ್ಬು ಗದ್ದೆಯಲ್ಲಿ ನಿಂತಿರುವವರೆಗೆ 633.61. ಅದೇ ಕಬ್ಬು ಕಾರ್ಖಾನೆಯ ಗೇಟು ದಾಟಿ ಸಕ್ಕರೆಯಾಯಿತೋ, 664. ಬಾಕಿ ದುಡ್ಡು ಬರಲಿಲ್ಲ ಅಂತ ಕೋರ್ಟಿಗೆ ಹೋದರೆ 340. ಹೀಗೆ ನಮ್ಮ ರೈತ ಒಂದೇ ವರ್ಷದಲ್ಲಿ ಮೂರು ಕಪಾಟು ಸುತ್ತಿ ಬರುತ್ತಾನೆ. ಇವತ್ತು ಒಂದು ಕಪಾಟಿನಲ್ಲಿ, ನಾಳೆ ಇನ್ನೊಂದರಲ್ಲಿ. ಕನ್ನಡ ಸಾಹಿತ್ಯಕ್ಕೆ ಸಿಕ್ಕಿರುವುದು 894.814. ಪಂಪನಿಂದ ಹಿಡಿದು ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ, ಮೇಲುಕೋಟೆಯ ಪು.ತಿ.ನ., ನಮ್ಮ ಮದ್ದೂರು ತಾಲ್ಲೂಕಿನವರೇ ಆದ ಡಾಕ್ಟರ್ ಬೆಸಗರಹಳ್ಳಿ ರಾಮಣ್ಣನವರವರೆಗೆ ಎಲ್ಲರೂ ಚುಕ್ಕಿಯ ಹಿಂದೆ ಒತ್ತಿಕೊಂಡು ನಿಂತಿದ್ದಾರೆ.

ಮೊನ್ನೆ ಒಬ್ಬರು ಅಜ್ಜ ಬಂದು "ಮಂಟೇಸ್ವಾಮಿ ಎಲ್ಲವನವ್ವ?" ಅಂದರು. ನಾನು ಓದಿದ್ದನ್ನೆಲ್ಲ ಒಟ್ಟುಮಾಡಿ, "398ರಲ್ಲಿ ಇದೆ ತಾತ, ಜಾನಪದದ ಸಾಲು" ಅಂದೆ. ಅಜ್ಜನ ಮುಖ ಕೆಂಪಾಯಿತು. "ಯಾವ್ ನಂಬರ್ ಮನೆನವ್ವ ಅದು? ಅಯ್ಯನ ಗದ್ದುಗೆ ಇರೋದು ಬೊಪ್ಪೇಗೌಡನಪುರದಲ್ಲಿ. ಮಳವಳ್ಳೀಲಿ ಯಾರನ್ನ ಕೇಳುದ್ರೂ ಏಳ್ತಾರೆ." ಡ್ಯೂಯಿ ಮಹಾಶಯ ಬದುಕಿದ್ದಿದ್ದರೆ ಅಜ್ಜನ ಎದುರು ಕೂರಿಸಿ ನಾನು ಕಾಫಿ ತರಲು ಹೋಗುತ್ತಿದ್ದೆ.

ಬೇಜಾರಾದಾಗ ರಂಗನಾಥನ್ ಅವರನ್ನು ನೆನೆಸಿಕೊಳ್ಳುವುದು ನಮ್ಮ ವೃತ್ತಿಯವರ ಸಂಪ್ರದಾಯ. ಅವರ ಹುಟ್ಟುಹಬ್ಬ ಆಗಸ್ಟ್ 12 ನಮಗೆ ಗ್ರಂಥಪಾಲಕರ ದಿನ. ಗಣಿತದ ಮೇಷ್ಟ್ರಾಗಿದ್ದವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಕೆಲವೇ ದಿನಕ್ಕೆ ಒಬ್ಬರೇ ಕೂತು ಕೂತು ಸಾಕಾಗಿ, ನನ್ನನ್ನು ವಾಪಸ್ ಪಾಠಕ್ಕೆ ಹಾಕಿ ಅಂತ ಕೇಳಿಕೊಂಡರಂತೆ. ಮೊದಲು ಲಂಡನ್ನಿಗೆ ಹೋಗಿ ಕಲಿತು ಬನ್ನಿ, ಆಮೇಲೂ ಬೇಡ ಅನ್ನಿಸಿದರೆ ನೋಡೋಣ ಅಂದರು ಮೇಲಿನವರು. ಹೋಗಿ ಬಂದವರು ಮತ್ತೆ ಆ ಮಾತು ಎತ್ತಲಿಲ್ಲ. 1931ರಲ್ಲಿ ಐದು ಸೂತ್ರ ಬರೆದು ನಮ್ಮನ್ನೆಲ್ಲ ಕಟ್ಟಿಹಾಕಿದರು. ನನಗೆ ಬೇಜಾರಾದರೆ ಲಂಡನ್ನಿಗೆ ಕಳಿಸುವವರು ಯಾರು? ಮದ್ದೂರಿಗೆ ಹೋಗಿ ಒಂದು ವಡೆ ತಿಂದು ಬರುತ್ತೇನೆ. ಪರಿಣಾಮ ಹೆಚ್ಚುಕಡಿಮೆ ಅದೇ. ಅಂದಹಾಗೆ, ಓದುಗರ ಸಮಯ ಉಳಿಸಬೇಕು ಅನ್ನುವುದು ಅವರ ನಾಲ್ಕನೇ ಸೂತ್ರ. ನಮ್ಮ ಜಗಲಿ ಸಭೆಯವರು ಸಮಯ ಕಳೆಯುವುದಕ್ಕೇ ಬರುವವರು. ಅದನ್ನು ಉಳಿಸಿ ಕೊಟ್ಟರೆ ಎಲ್ಲಿಗೆ ಒಯ್ಯುತ್ತಾರೆ?

ಹೊಸ ಪುಸ್ತಕ ನಮ್ಮಲ್ಲಿಗೆ ಬರುವುದು ವಿಶ್ವೇಶ್ವರಯ್ಯ ನಾಲೆಯ ನೀರು ಕೊನೆ ಭಾಗಕ್ಕೆ ಬಂದ ಹಾಗೆ: ಬಿಟ್ಟಿದ್ದೇವೆ ಅಂತ ಮೇಲಿನವರು ಹೇಳುತ್ತಾರೆ, ಇಲ್ಲಿ ತೂಬಿನ ಬಾಯಿ ಒದ್ದೆಯೂ ಆಗಿರುವುದಿಲ್ಲ. ಆದರೂ ನನ್ನ ಕಪಾಟು ಬಣಗುಟ್ಟದೆ ಇರುವುದು ನನ್ನ ಸ್ನೇಹಿತರಿಂದ. ಮಂಡ್ಯದಲ್ಲಿ ಒಬ್ಬಳು ಗೆಳತಿ, ಗ್ರಂಥಾಲಯದಲ್ಲೇ ಹಲ್ಲು ಉದುರುವಷ್ಟು ಅನುಭವ ಇರುವವಳು. ಹಲ್ಲು ಇನ್ನೂ ಗಟ್ಟಿಯಾಗಿವೆ, ಬೈಯುವುದಕ್ಕೆ ಬೇಕಲ್ಲ. ಮದ್ದೂರಿನಲ್ಲಿ ಒಬ್ಬಳು ಗಣಿತದ ಟೀಚರು. ಮಳವಳ್ಳಿಯವನು ಬಸ್ ಕಂಡಕ್ಟರು. ನಮ್ಮ ವಾಟ್ಸಾಪ್ ಗುಂಪಿನ ಹೆಸರು 'ಮ ಮ ಮ': ಮಂಡ್ಯ, ಮದ್ದೂರು, ಮಳವಳ್ಳಿ. ನಮ್ಮ ಮನೆಯವರು ಅದನ್ನು ಮಾತು, ಮಾತು, ಮಾತು ಅಂತ ಓದುತ್ತಾರೆ.

ಕಂಡಕ್ಟರಿಗೆ ದಾರಿಯುದ್ದಕ್ಕೂ ಪರಿಚಯ. ಯಾರ ಮನೆಯ ಅಟ್ಟದ ಮೇಲೆ ಹಳೆ ಕಾದಂಬರಿ ಇವೆ, ಯಾರ ಮಗಳು ಪಿಯುಸಿ ಮುಗಿಸಿ ಗೈಡು ಮಾರುವವಳಿದ್ದಾಳೆ, ಎಲ್ಲ ಅವನಿಗೆ ಗೊತ್ತು. ಟಿಕೆಟ್ ಹರಿಯುತ್ತಲೇ ವಸೂಲಿ ಮಾಡಿ, ನಮ್ಮ ಸ್ಟಾಪಿನಲ್ಲಿ ಕಟ್ಟು ಇಳಿಸಿ, "ಲಗೇಜ್ ಚಾರ್ಜ್ ಬರ್ಕೊಳವ್ವ" ಅಂತ ವಿಶಲ್ ಊದಿ ಹೋಗುತ್ತಾನೆ. ಟೀಚರ್ ತನ್ನ ಶಾಲೆಯ ಮಕ್ಕಳನ್ನು ತಂದು ಬಿಡುತ್ತಾಳೆ. 2020ರಲ್ಲಿ 'ಓದುವ ಬೆಳಕು' ಅಭಿಯಾನ ಶುರುವಾದಾಗಿನಿಂದ ಮಕ್ಕಳಿಗೆ ಸದಸ್ಯತ್ವ ಉಚಿತ. ಹಾಗಾಗಿ ಅವು ಬರುತ್ತವೆ, ಬಂದು ಮೊದಲು ಸ್ಲೇಟಿನ ಮೇಲಿನ ಕೆಆರ್‌ಎಸ್ ಮಟ್ಟವನ್ನು 200 ಅಡಿ ಮಾಡಿ ಹೋಗುತ್ತವೆ. ಮಂಡ್ಯದವಳದು ಫೋನಿನಲ್ಲೇ ಸಹಾಯ. ಬೆನ್ನು ಬಿಚ್ಚಿಕೊಂಡ ಪುಸ್ತಕಕ್ಕೆ ಗೋಂದು ಹಚ್ಚಿ ಮೇಲೆ ಭಾರ ಇಡು ಅಂದಳು. ಭಾರಕ್ಕೆ ಏನಿಡಲಿ ಅಂದರೆ, "ಯಾರೂ ಎರವಲು ಪಡೆಯದ ಪುಸ್ತಕ ಇಡು." ನಮ್ಮಲ್ಲಿ ಯೋಜನಾ ವರದಿಗಳು ಧಾರಾಳವಾಗಿವೆ.

ಎರವಲು ಹೋಗುವುದರಲ್ಲಿ ತ್ರಿವೇಣಿಯನ್ನು ಮೀರಿಸಿದವರಿಲ್ಲ. ನಾಗಮಂಗಲ ತಾಲ್ಲೂಕು ಬೆಳ್ಳೂರಿನ ಬಿಎಂಶ್ರೀಯವರ ತಮ್ಮನ ಮಗಳಲ್ಲವೇ, ನಮ್ಮ ಜಿಲ್ಲೆಗೆ ಸ್ವಲ್ಪ ಹಕ್ಕು ಇದೆ. 'ಶರಪಂಜರ' ಎಷ್ಟು ಕೈ ಸುತ್ತಿದೆ ಅಂದರೆ ಕೊನೆಯ ಹಾಳೆಗಳೇ ಇಲ್ಲ. ಒಬ್ಬ ಅಕ್ಕನಿಗೆ ಕೊಡುವ ಮೊದಲೇ ಹಾಗಂತ ಹೇಳಿದೆ. "ಪರವಾಗಿಲ್ಲ ಕೊಡವ್ವ, ಕಲ್ಪನಾ ಕತೆ ನಂಗೊತ್ತು" ಅಂದು ಒಯ್ದರು. ಕಾದಂಬರಿಯ ಕೊರತೆಯನ್ನು ಪುಟ್ಟಣ್ಣ 1971ರಲ್ಲೇ ಸಿನಿಮಾ ಮಾಡಿ ತುಂಬಿಕೊಟ್ಟಿದ್ದಾರೆ, ನಮ್ಮ ಗೋಂದಿನ ಖರ್ಚು ಉಳಿಯಿತು.

ಕಂಡಕ್ಟರಿಗೆ ಇತ್ತೀಚೆಗೆ ಒಂದು ಹುಚ್ಚು ಹಿಡಿದಿದೆ. ಪಾಂಡವಪುರದ ಹತ್ತಿರ ಹರಳಹಳ್ಳಿಯ ಅಂಕೇಗೌಡರನ್ನು ನೋಡಿಕೊಂಡು ಬಂದ. ಅವರೂ ಒಂದು ಕಾಲಕ್ಕೆ ಬಸ್ ಕಂಡಕ್ಟರು, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದವರು. ದುಡಿದದ್ದನ್ನೆಲ್ಲ ಪುಸ್ತಕಕ್ಕೆ ಸುರಿದು ಲಕ್ಷಗಟ್ಟಲೆ ಪುಸ್ತಕದ 'ಪುಸ್ತಕ ಮನೆ' ಮಾಡಿದವರು. ಅದನ್ನು ಕಂಡು ಬಂದವನು ನನ್ನ ಎರಡು ಕೋಣೆ ನೋಡಿ, "ಇದೇನವ್ವ, ಲಗೇಜ್ ಕ್ಯಾರಿಯರ್‌ನಷ್ಟೂ ಇಲ್ಲ" ಅಂದ. ನಾನು ಬಿಡಲಿಲ್ಲ. "ಅಷ್ಟು ಪುಸ್ತಕ ನೋಡಿ ಬಂದೆಯಲ್ಲ, ಒಂದಾದರೂ ಓದಿದೆಯಾ?" "ನೀನು ಓದಿದ್ಯಾ?" ಅಂತ ತಿರುಗಿಸಿದ. ಗುಂಪಿನಲ್ಲಿ ಎಲ್ಲರೂ ನಗುವ ಗೊಂಬೆ ಹಾಕಿದರು. ಸೇರಿದಾಗಿನಿಂದ ನಾನು ತಪ್ಪದೆ ಓದಿರುವುದು ದಾಖಲಾತಿ ವಹಿ, ಎರವಲು ವಹಿ, ಹಾಜರಿ ಪುಸ್ತಕ. ಕತೆ ಅಂದರೆ ಅವೂ ಕತೆಗಳೇ, ಎರವಲು ವಹಿಯಲ್ಲಂತೂ ಭಾರಿ ಸಸ್ಪೆನ್ಸ್.

ಈಗ ದಾಸ್ತಾನು ಪರಿಶೀಲನೆ ಬಂದಿದೆ. ಇಡೀ ಗ್ರಂಥಾಲಯದ ಪುಸ್ತಕ ಇಳಿಸಿ, ಎಣಿಸಿ, ವಹಿಗೆ ತಾಳೆ ನೋಡಿ ಮತ್ತೆ ಏರಿಸಬೇಕು. ಗುಂಪಿನಲ್ಲಿ ಹಾಕಿದೆ, ಭಾನುವಾರ ಮೂವರೂ ಬರುತ್ತಾರಂತೆ. ಟೀಚರ್ ಎಣಿಸುತ್ತಾಳೆ, ಕಂಡಕ್ಟರ್ ಹೊರುತ್ತಾನೆ, ಮಂಡ್ಯದವಳು ಬೈಯುತ್ತಾಳೆ. ಕೂತ್ಕೊಂಡು ಮಾಡುವ ಭಾಗ ಏನಾದರೂ ಉಳಿದರೆ ಚಿಕ್ಕತ್ತೆಗೆ ಇರಲಿ ಅಂತ ಅವರಿಗೂ ಹೇಳಿ ಕಳಿಸಿದ್ದೇನೆ. "ಮದ್ದೂರಿಂದ ವಡೆ ತರ್ಲಾ, ಎಷ್ಟು?" ಅಂತ ಟೀಚರ್ ಕೇಳಿದ್ದಾಳೆ. ತಾ ಮಾರಾಯ್ತಿ, ಕೈಬಿಚ್ಚಿ ತಾ. ಆದರೆ 894.814 ಮುಟ್ಟುವ ಮೊದಲು ಎಲ್ಲರೂ ಸೋಪು ಹಾಕಿ ಕೈ ತೊಳೆಯಬೇಕು, ಕಂಡಕ್ಟರ್ ಎರಡು ಸಲ.