ಯಳಂದೂರಿನ ಬೀಗರೂಟ ಎಲ್ಲಿ?

ಜಾಗ ಬದಲಿಸುವುದು ನಮ್ಮ ಕೊಳ್ಳೇಗಾಲಕ್ಕೆ ಹೊಸತಲ್ಲ. 1956ರಲ್ಲಿ ಮದರಾಸಿನವರ ಕೊಯಮತ್ತೂರು ಜಿಲ್ಲೆ ಬಿಟ್ಟು ಮೈಸೂರಿಗೆ ಬಂತು, 1997ರಲ್ಲಿ ಚಾಮರಾಜನಗರಕ್ಕೆ ಸೇರಿತು. ಇಂಥ ಊರಿನಲ್ಲಿ ಹುಟ್ಟಿದ ನನಗೆ ನಾದಿನಿಯ ಮದುವೆಯನ್ನು ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಸಾಗಿಸುವಷ್ಟರಲ್ಲಿ ಬೆವರಿಳಿಯಿತು.

ನಡುಮನೆಯಲ್ಲಿ ರಾಗಿ ಡ್ರಮ್ಮಿನ ಪಕ್ಕ ನನ್ನದೊಂದು ಹಳೇ ಕಂಪ್ಯೂಟರಿದೆ. ಒಳಗಿರುವುದು ಝಡ್‌ಎಫ್‌ಎಸ್. ಸನ್ ಮೈಕ್ರೋಸಿಸ್ಟಮ್ಸ್‌ನವರು 2005ರಲ್ಲಿ ಹೊರಬಿಟ್ಟ ಈ ಏರ್ಪಾಟಿನಲ್ಲಿ ಡಿಸ್ಕುಗಳೆಲ್ಲ ಸೇರಿ ಒಂದು ಪೂಲ್, ಅಂದರೆ ಕೆರೆ. ನನ್ನ ಕೆರೆ ತುಂಬಿ ಕೋಡಿ ಬೀಳುವ ಹಾಗಿತ್ತು. ಹೊಸ ಡಿಸ್ಕು ತಂದು ಇನ್ನೊಂದು ಪೂಲ್ ಕಟ್ಟಿದೆ.

ಮೊದಲು ‘ರಿನೇಮ್’ ಕೊಟ್ಟೆ. ಬೇರೆ ಪೂಲಿಗೆ ಅದು ನಡೆಯುವುದಿಲ್ಲ ಎಂದಿತು ಯಂತ್ರ.

“ರೀ, ಡ್ರಮ್ಮಿನ ಮೇಲಿರೋ ಚೀಟಿ ಬದಲಾಯಿಸಿದ್ರೆ ಒಳಗಿರೋ ರಾಗಿ ಪಕ್ಕದ ಡ್ರಮ್ಮಿಗೆ ಹೋಯ್ತದಾ?” ಎಂದಳು ಹೆಂಡತಿ. ಕೇಳಿಸದವನಂತೆ ಕೂತೆ.

ಸರಿಯಾದ ದಾರಿ ಬೇರೆ. ಮೊದಲು ಸ್ನ್ಯಾಪ್‌ಶಾಟ್, ಆಮೇಲೆ ‘ಸೆಂಡ್’, ಆ ಕಡೆ ‘ರಿಸೀವ್’. ಹೆಣ್ಣು ಕಳಿಸಿಕೊಡುವ ಶಾಸ್ತ್ರದಂತೆಯೇ, ಆದರೆ ಕಳಿಸಿದ ಮೇಲೂ ಹುಡುಗಿ ತವರಿನಲ್ಲೂ ಇರುತ್ತಾಳೆ, ಅತ್ತೆಮನೆಯಲ್ಲೂ ಇರುತ್ತಾಳೆ. ರಾತ್ರಿ ಎಂಟಕ್ಕೆ ಶುರುಮಾಡಿ, ಕರೆಂಟು ಹೋಗದಿರಲೆಂದು ಮಾದಪ್ಪನಿಗೆ ಕೈಮುಗಿದು ಮಲಗಿದೆ.

ಬೆಳಿಗ್ಗೆ ಎಲ್ಲ ಮುಗಿದಿತ್ತು. ಮನೆಯವರನ್ನೆಲ್ಲ ಕರೆದು ಹೊಸ ಪೂಲಿನಿಂದ ಹನೂರಿನ ಧಾರೆಯ ಫೋಟೋಗಳನ್ನು ತೆರೆದು ತೋರಿಸಿದೆ. ಮೆಚ್ಚುಗೆ ಸಾಲದೆನಿಸಿ, ಹಳೇ ಪೂಲನ್ನು ಅಳಿಸುವ ‘ಡೆಸ್ಟ್ರಾಯ್’ ಆಜ್ಞೆಯನ್ನೂ ಅವರೆದುರೇ ಟೈಪಿಸತೊಡಗಿದೆ.

“ಯಳಂದೂರಿನ ಬೀಗರೂಟ ಎಲ್ಲಿ?” ಎಂದಳು ಹೆಂಡತಿ.

ಇರಲಿಲ್ಲ! ಮಗಳು ಆ ಫೋಟೋಗಳನ್ನು ಹಾಕಿದ್ದು ರಾತ್ರಿ ಒಂಬತ್ತಕ್ಕೆ. ಸ್ನ್ಯಾಪ್‌ಶಾಟ್ ಅಂದರೆ ಮದುವೆಮನೆಯ ಗ್ರೂಪ್ ಫೋಟೋ ತಾನೆ, ಕ್ಲಿಕ್ಕಿಸಿದ ಮೇಲೆ ಬಂದ ಸೋದರಮಾವ ಅದರಲ್ಲಿ ಇರುವುದಿಲ್ಲ. ನನ್ನ ಬೆರಳು ಎಂಟರ್ ಕೀಲಿಯ ಮೇಲಿತ್ತು.

“ಹಳೇ ಡ್ರಮ್ ತೊಳೆಯೋಕ್ ಮುಂಚೆ ಹೊಸದ್ರೊಳಗೆ ಕೈ ಬುಟ್ಟು ನೋಡ್ಬಾರ್ದಾ?”

ಬೆರಳು ತೆಗೆದೆ. ಎರಡನೇ ಸ್ನ್ಯಾಪ್‌ಶಾಟ್ ತೆಗೆದು, ಮೊದಲನೆಯದಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಕಳಿಸಿದೆ. ಯಂತ್ರ ಮತ್ತೆ ತಿರುಗಿಬಿತ್ತು: ಹೊಸ ಜಾಗದಲ್ಲಿ ಈ ನಡುವೆ ಏನೋ ಬದಲಾಗಿದೆಯಂತೆ. ಮುಟ್ಟಿದವರು ಯಾರೆಂದು ಮಗಳ ಮೇಲೆ ರೇಗಿದೆ. ಮುಟ್ಟಿದವನು ನಾನೇ. ಫೈಲನ್ನು ಬರೀ ಓದಿದರೂ ಯಾವಾಗ ಓದಿದರೆಂದು ಅದು ಗುರುತು ಹಾಕಿಕೊಳ್ಳುತ್ತದೆ. ಬೆಳಗಿನ ನನ್ನ ಪ್ರದರ್ಶನದ ಗುರುತು ಅದು. ಹೊಸದನ್ನು ಮೊದಲ ಸ್ನ್ಯಾಪ್‌ಶಾಟಿಗೆ ಹಿಂದಿರುಗಿಸಿಕೊಂಡೇ ತುಂಬಿಸಬೇಕೆಂದು ‘ಎಫ್’ ಸೇರಿಸಿ ಕಳಿಸಿದೆ. ಬೀಗರೂಟ ಎಲೆಸಮೇತ ಬಂದಿಳಿಯಿತು.

ಅದರಲ್ಲಿ ನಾನಿದ್ದ ಫೋಟೋ ಒಂದೇ. ಮೂರನೇ ಮುದ್ದೆಗೆ ಕೈಯೊಡ್ಡಿ, ಬಾಯಲ್ಲಿ ಮೂಳೆ ಕಚ್ಚಿಕೊಂಡು, ಕಣ್ಣು ಮುಚ್ಚಿದ್ದೆ. ಯಾರೂ ಇಲ್ಲದಾಗ ಹಳೆಯದರಲ್ಲೂ ಹೊಸದರಲ್ಲೂ ಅದನ್ನು ಅಳಿಸಿದೆ. ಸಂಜೆಗೆ ಹನೂರು, ಯಳಂದೂರು ಎರಡೂ ಕಡೆಯ ಬೀಗರ ಫೋನಿನಲ್ಲಿ ಅದೇ ಫೋಟೋ. ಅಳಿಸಿದ್ದು ಸ್ನ್ಯಾಪ್‌ಶಾಟಿನೊಳಗೆ ಹಾಗೇ ಉಳಿದಿರುತ್ತದೆ, ಬೇಕೆಂದಾಗ ಹೀಗೆ ತೆಗೆದುಕೊಳ್ಳಬಹುದು ಎಂದು ಮಧ್ಯಾಹ್ನವಷ್ಟೇ ಹೆಂಡತಿಗೆ ಹೇಳಿಕೊಟ್ಟವನೂ ನಾನೇ.