ಗೋರಿಯೊಳಗಿನ ಮಹನೀಯರಿಗೆ

ಬ್ರೆಜಿಲ್‌ನ ಮೆಟಲ್ ಸಂಗೀತದ ಸೆಪುಲ್ಟುರಾ ತಂಡದ ಆಂದ್ರೆಯಾಸ್ ಕಿಸ್ಸರ್ ಮತ್ತು ಸಂಗಡಿಗರೇ,

2023ರ ಡಿಸೆಂಬರಿನಲ್ಲಿ ವಿದಾಯ ಘೋಷಿಸಿ, ನಿಮ್ಮ ಸಾವಿನ ಸುದ್ದಿಯನ್ನು ನೀವೇ ಡಂಗುರ ಹೊಡೆಸಿದಿರಿ. 2024ರ ಮಾರ್ಚ್ 1ರಂದು ಹುಟ್ಟೂರು ಬೆಲೊ ಹೊರಿಜಾಂಟೆಯಲ್ಲೇ ಅಂತ್ಯಯಾತ್ರೆ ಹೊರಟಿತು. ಹೆಣ ಎತ್ತುವ ಹೊತ್ತಿಗೆ, ಹೆಗಲು ಕೊಡಬೇಕಿದ್ದ ಡ್ರಮ್ಮರ್ ಎಲೋಯ್ ಕಾಸಾಗ್ರಾಂಜಿ ಎದ್ದು ಸ್ಲಿಪ್‌ನಾಟ್ ತಂಡದ ಮನೆಗೆ ನಡೆದರು. ಆ ಜಾಗಕ್ಕೆ ಬಂದ ಗ್ರೇಸನ್ ನೆಕ್ರುಟ್‌ಮನ್, ನಿಮ್ಮ ‘ರೂಟ್ಸ್’ ಆಲ್ಬಮ್ ಹೊರಬಂದಾಗ ಇನ್ನೂ ಹುಟ್ಟಿಯೇ ಇರಲಿಲ್ಲ. ಊರೂರು ಮೆರವಣಿಗೆ, ಊರೂರಲ್ಲೂ ಟಿಕೆಟ್. ಇಷ್ಟು ಸಾವಕಾಶವಾಗಿ ಸಾಯುವುದು ಎಲ್ಲರ ಹಣೆಯಲ್ಲಿ ಬರೆದಿರುವುದಿಲ್ಲ ಬಿಡಿ.

ಹೆಸರಿನ ಗುಣವೋ ಏನೋ. ಮೋಟರ್‌ಹೆಡ್ ತಂಡದ ಹಾಡೊಂದನ್ನು ಪೋರ್ಚುಗೀಸಿಗೆ ಮಾಡಿಕೊಳ್ಳುತ್ತಾ ಕೂತಿದ್ದ ಮ್ಯಾಕ್ಸ್ ಕವಲೇರಾಗೆ ‘ಸೆಪುಲ್ಟುರಾ’, ಅಂದರೆ ‘ಗೋರಿ’, ಎಂಬ ಪದ ಹಿಡಿಸಿತಂತೆ. 1984ರಲ್ಲಿ ತಮ್ಮ ಇಗೊರ್ ಜೊತೆ ಸೇರಿ ಅದನ್ನೇ ತಂಡಕ್ಕೆ ಇಟ್ಟರು. ತಂದೆಯನ್ನು ಕಳೆದುಕೊಂಡು, ಕೈ ಬರಿದಾದ ಮನೆಯ ಹುಡುಗರು ಅವರು. 1985ರ ಮೊದಲ ರೆಕಾರ್ಡ್ ತಟ್ಟೆಯಲ್ಲಿ ಅವರದು ಒಂದೇ ಬದಿ, ಇನ್ನೊಂದು ಬದಿ ಓವರ್‌ಡೋಸ್ ತಂಡದ್ದು. ಆಗ ಹಾಡಿದ್ದೆಲ್ಲ ಸೈತಾನನ ವಿಚಾರ. ಸೈತಾನನಿಗೆ ಅದು ಕೇಳಿಸಿತೋ ಇಲ್ಲವೋ, ಕೆಲವೇ ವರ್ಷಗಳಲ್ಲಿ ಅಮೆರಿಕ, ಯುರೋಪಿಗೆ ಕೇಳಿಸಿತು.

ಹೊರಗೆ ಹೋದ ಮೇಲೇ ನಿಮಗೆ ಊರು ನೆನಪಾದದ್ದು. 1993ರ ‘ಕೇಆಸ್ ಎ.ಡಿ.’ ಆಲ್ಬಮ್ ರೂಪುಗೊಂಡದ್ದು ದೂರದ ವೇಲ್ಸ್‌ನಲ್ಲಿ. ಅದರಲ್ಲಿ ನೀವು ಹೇಳಿದ್ದು ಸಾವ್ ಪಾಲೊದ ಕರಾಂಜಿರು ಜೈಲಿನಲ್ಲಿ 1992ರಲ್ಲಿ ಪೊಲೀಸರ ದಾಳಿಗೆ ಸತ್ತ 111 ಕೈದಿಗಳ ಕಥೆ. ನೆಲ ಕಳೆದುಕೊಂಡ ಕಯೊವಾ ಬುಡಕಟ್ಟಿನ ಹೆಸರಿನಲ್ಲಿ ವಾದ್ಯಗಳಷ್ಟೇ ನುಡಿಯುವ ಒಂದು ತುಣುಕು. ಅದನ್ನು ನುಡಿಸಿದ್ದು ಒಂದು ಹಳೆಯ ಕೋಟೆಯ ಗೋಡೆಗಳ ನಡುವೆ. ಇಡೀ ಆಲ್ಬಮ್ ತೆರೆಯುವುದೋ, ಮ್ಯಾಕ್ಸ್ ಮಗನ ಎದೆಬಡಿತದಿಂದ, ಕೂಸು ತಾಯಿಯ ಹೊಟ್ಟೆಯಲ್ಲಿದ್ದಾಗಿನದು. ಗೋರಿ ಎಂದು ಹೆಸರಿಟ್ಟುಕೊಂಡವರಿಗೆ ಇದು ಶೋಭಿಸುತ್ತದೆಯೇ? ಆಮೇಲೆ ಮಾಟೊ ಗ್ರೊಸೊಗೆ ಹೋಗಿ, ಶವಾಂಚಿ ಬುಡಕಟ್ಟಿನ ಜನರ ನಡುವೆ ಕೂತು, ಅವರ ಹಾಡಿನೊಂದಿಗೆ ಗಿಟಾರ್ ಬೆರೆಸಿದಿರಿ. 1996ರ ‘ರೂಟ್ಸ್’ನಲ್ಲಿ ಬಯ್ಯಾದ ಕಾರ್ಲಿನ್ಯೋಸ್ ಬ್ರೌನ್ ತಾಳವಾದ್ಯ ಹಿಡಿದರು. ನನ್ನ ಕಿವಿಗೆ ನಿಮ್ಮ ಶಿಖರ ಅದೇ. ಈ ವಿಷಯದಲ್ಲಿ ನಾನು ಜಗಳಕ್ಕೂ ಸಿದ್ಧ.

ಬೇರು ಹುಡುಕಿ ತಂದ ವರ್ಷವೇ ಮನೆ ಪಾಲಾಯಿತು. ಮ್ಯಾನೇಜರ್ ಗ್ಲೋರಿಯಾ ಬೇಡವೆಂದಿರಿ ನೀವೆಲ್ಲ. ಆಕೆ ಮ್ಯಾಕ್ಸ್‌ಗೆ ಹೆಂಡತಿ, ಇಗೊರ್‌ಗೆ ಅತ್ತಿಗೆ. ಯಾವ ಅವಿಭಕ್ತ ಕುಟುಂಬ ಇದನ್ನು ತಡೆದೀತು? ಡಿಸೆಂಬರಿನ ಲಂಡನ್ ಕಛೇರಿ ಮುಗಿಸಿ ಮ್ಯಾಕ್ಸ್ ಹೊರನಡೆದರು. ಹತ್ತು ವರ್ಷದ ಮೇಲೆ ಇಗೊರ್ ಕೂಡ. ಮನೆ ಕಟ್ಟಿದವರು ಬೀದಿಯಲ್ಲಿ, ಬಾಗಿಲ ಮೇಲಿನ ಹೆಸರು ನಿಮ್ಮಲ್ಲಿ. ಕ್ಲೀವ್‌ಲ್ಯಾಂಡಿನ ಡೆರಿಕ್ ಗ್ರೀನ್ ಮ್ಯಾಕ್ಸ್‌ಗಿಂತ ದುಪ್ಪಟ್ಟು ಕಾಲ ನಿಮ್ಮಲ್ಲಿ ಹಾಡಿದ್ದಾರೆ. ಅಭಿಮಾನಿಗಳ ಬಾಯಲ್ಲಿ ಇವತ್ತಿಗೂ ಅವರು ‘ಹೊಸ ಗಾಯಕ’. ಮದುವೆಯಾಗಿ ಮೊಮ್ಮಕ್ಕಳಾದರೂ ಸೊಸೆ ಹೊರಗಿನವಳೇ.

ನೀವು ಗುಂಡಿ ತೋಡಿಸಲು ಹೊರಟ 2023ರಲ್ಲೇ, ಕವಲೇರಾ ಸಹೋದರರು ತಮ್ಮ ಹದಿಹರೆಯದ ಆ ಮೊದಲ ಹಾಡುಗಳನ್ನು ಹೊಸದಾಗಿ ನುಡಿಸಿ ಹೊರತಂದರು. ಒಂದು ಮನೆಯಲ್ಲಿ ಹೂಳುವ ಕೆಲಸ, ಪಕ್ಕದ ಮನೆಯಲ್ಲಿ ಅಗೆಯುವ ಕೆಲಸ. ಆದ್ದರಿಂದ ಒಂದು ವಿನಂತಿ: ಮಣ್ಣು ಎಳೆಯುವಾಗ ತುಸು ಸಡಿಲವಾಗಿಯೇ ಎಳೆಯಿರಿ.

ಇಂತಿ,
ಸಂತಾಪಪತ್ರ ಬರೆದಿಟ್ಟುಕೊಂಡು ಕಾಯುತ್ತಿರುವ
ನಿಮ್ಮ ಹಳೆಯ ಕೇಳುಗ